ಅಕ್ಕನ ಹಲ್ಲಿನ ಸಂದು

4 ಜೂನ್

ತಮ್ಮಾ,

ಇತ್ತ ನಾನು ಕ್ಷೇಮ, ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳನ್ನು ಬಿಟ್ಟು. ಅವು ಗುರುವಾರ ಹೋದವು. ಒಸಡು ಕೈಕೊಟ್ಟು ಎರಡು ವರ್ಷವಾಗಿತ್ತು. ದಂತವೈದ್ಯೆ ಹೇಳುತ್ತಲೇ ಇದ್ದಳು, ನಾನು ಜಾಣಕಿವುಡಿಯಾಗಿದ್ದೆ. ಕೊನೆಗೆ ಅವಳು ಎಳೆಯಲೂ ಇಲ್ಲ, ಸುಮ್ಮನೆ ಹಿಡಿದಳು, ಅವೇ ಬಂದವು. "ನೋವಾಯ್ತಾ ಟೀಚರ್?" ಅಂತ ಕೇಳಿದಳು. ನೋವಾಗಲಿಲ್ಲ, ಅವಮಾನವಾಯಿತು.

ಫೋನ್ ಮಾಡಬೇಡ. ಈಗ ನಾನು ಮಾತಾಡಿದರೆ ನಿನಗೆ ನಗು ಬರುತ್ತದೆ, ನೀನು ನಕ್ಕರೆ ನನಗೆ ಸಿಟ್ಟು ಬರುತ್ತದೆ. ಹಲ್ಲು ಹೇಗೂ ಅಂಚೆಯಲ್ಲೇ ಓಡಾಡಬೇಕು, ಮಾತೂ ಅದರ ಜೊತೆಗೇ ಓಡಾಡಲಿ.

ವಿಷಯ ಇಷ್ಟು. ನಮ್ಮ ಭಾಷಾ ಶಾಲೆಯ ಜರ್ಮನ್ ಕ್ಯಾಸೆಟ್ಟುಗಳು ನಿನಗೆ ಗೊತ್ತು. ಇಪ್ಪತ್ತೆಂಟು ವರ್ಷಗಳಿಂದ ಅದರಲ್ಲಿ ಮಾತಾಡುತ್ತಿರುವುದು ನಾನೇ. ಅವು ಸವೆದು ಗೊರಗೊರ ಅನ್ನುತ್ತಿವೆ, ಹೊಸದಾಗಿ ಧ್ವನಿಮುದ್ರಣ ಮಾಡಬೇಕು. ಒಟ್ಟು ಮೂವತ್ತೆರಡು ಪಾಠ. ಪ್ರಿನ್ಸಿಪಾಲರು ಸೆಪ್ಟೆಂಬರ್ ಇಪ್ಪತ್ತರ ಗಡುವು ಕೊಟ್ಟಿದ್ದಾರೆ. ಅಷ್ಟರೊಳಗೆ ನನ್ನ ಬಾಯಿ ಸಿದ್ಧವಾಗದಿದ್ದರೆ ಯಂತ್ರದ ಧ್ವನಿ ಹಾಕುತ್ತಾರಂತೆ. ನನಗಾದರೂ ನಾಲ್ಕೇ ಹಲ್ಲಿಲ್ಲ, ಅದಕ್ಕೆ ಒಂದೂ ಇಲ್ಲ! ಅದು ಹೊಸ ಮಕ್ಕಳಿಗೆ ಬಾಯಿ ತೆರೆಯುವುದನ್ನು ಕಲಿಸುತ್ತದಂತೆ. ತಮ್ಮಾ, ನಾನು ಮಾಡಿದ ಕೆಲಸಗಳಲ್ಲಿ ನನ್ನ ನಂತರವೂ ಉಳಿಯುವುದು ಇದೊಂದೇ. ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ಜರ್ಮನ್ನಿನಲ್ಲಿ ತ್ಸಕಾರ ಅಂತ ಒಂದಿದೆ. ತ ಮತ್ತು ಸ ಒಂದೇ ಉಸಿರಿನಲ್ಲಿ. ತ್ಸೈಟ್ ಅಂದರೆ ಸಮಯ, ತ್ಸುಂಗೆ ಅಂದರೆ ನಾಲಿಗೆ, ತ್ಸಾನ್ ಅಂದರೆ ಹಲ್ಲು. ನೋಡು, ಹಲ್ಲು ಅನ್ನುವುದಕ್ಕೂ ಹಲ್ಲು ಬೇಕು. ಸದ್ಯಕ್ಕೆ ನಾನು "ತಾನ್" ಅನ್ನುತ್ತಿದ್ದೇನೆ.

ಮೂವತ್ತೈದು ವರ್ಷಗಳಿಂದ ಊರವರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವ ತಮ್ಮನಿರುವಾಗ ಬೇರೆಯವರ ಕೈಗೆ ನನ್ನ ಬಾಯಿ ಕೊಡಲೇ? ಡಬ್ಬಿಯಲ್ಲಿ ಎರಡು ಪ್ಲಾಸ್ಟರ್ ಅಚ್ಚುಗಳಿವೆ: ಕೀಳುವ ಮುಂಚಿನದು ಒಂದು, ಈಗಿನದು ಒಂದು. ಇದ್ದ ಹಾಗೆಯೇ ಮಾಡು. ಅಷ್ಟೇ ನನ್ನ ಬೇಡಿಕೆ.

ಅಕ್ಕ

15 ಜೂನ್

ಅಕ್ಕನಿಗೆ,

ಡಬ್ಬಿ ಬಂತು. ಅಚ್ಚುಗಳು ಒಡೆದಿಲ್ಲ. ನಿನ್ನ ದಂತವೈದ್ಯೆ ಅಂಚುಗಳನ್ನು ಚೆನ್ನಾಗಿ ತೆಗೆದಿದ್ದಾಳೆ, ಹೇಳು ಅವಳಿಗೆ. ನಮಗೆ ಬರುವ ಅರ್ಧ ಅಚ್ಚುಗಳು ಯಾರೋ ಆಕಳಿಸುತ್ತಾ ತೆಗೆದ ಹಾಗಿರುತ್ತವೆ.

ನಮ್ಮ ಕೆಲಸದಲ್ಲಿ ರೋಗಿಯ ಮುಖ ಕಾಣುವುದಿಲ್ಲ. ಕಪಾಟಿನ ತುಂಬ ಬಾಯಿಗಳಿರುತ್ತವೆ, ಒಂದರ ಹೆಸರೂ ಗೊತ್ತಿರುವುದಿಲ್ಲ, ಬರೀ ನಂಬರು. ಕೆಲಸ ಮುಗಿದ ಅಚ್ಚನ್ನು ಶನಿವಾರ ಒಡೆದು ಬಿಸಾಡುವುದು ಇಲ್ಲಿನ ರೂಢಿ. ನಿನ್ನ ಹಳೆಯ ಅಚ್ಚಿಗೆ ನಾನು ನಂಬರು ಹಾಕಿಲ್ಲ. ಕಿಟಕಿಯ ಪಕ್ಕ ಇಟ್ಟಿದ್ದೇನೆ. ಪಕ್ಕದ ಮೇಜಿನವನು "ಇದ್ಯಾರು ಸಾರ್, ಬೆಳಗ್ಗೆಯಿಂದ ನನ್ನನ್ನೇ ನೋಡಿ ನಗ್ತಿರೋದು?" ಅಂದ. ನಮ್ಮಕ್ಕ, ಹುಷಾರು, ಈಗ ಪಾಠ ಒಪ್ಪಿಸು ಅಂತಾಳೆ ಅಂದೆ.

ಮೊದಲು ಮೇಣದಲ್ಲಿ ಹಲ್ಲು ಜೋಡಿಸಿ ಕಳಿಸಿದ್ದೇನೆ. ಇದು ಬರೀ ಪರೀಕ್ಷೆಗೆ. ಹಾಕಿಕೊಂಡು ಏನನ್ನೂ ಕಡಿಯಬೇಡ, ಬಿಸಿ ಕಾಫಿ ಕುಡಿಯಬೇಡ, ಯಾರ ಮೇಲೂ ರೇಗಬೇಡ. ಕನ್ನಡಿಯ ಮುಂದೆ ಇಂಗ್ಲಿಷಿನಲ್ಲಿ ಅರವತ್ತರಿಂದ ಎಪ್ಪತ್ತರವರೆಗೆ ಎಣಿಸು, ಸಿಕ್ಸ್‌ಟಿ ಸಿಕ್ಸ್ ಅನ್ನುವಾಗ ಸಕಾರದ ಬಣ್ಣ ಬಯಲಾಗುತ್ತದೆ. ಯಾವ ಶಬ್ದ ಎಲ್ಲಿ ಸೋರುತ್ತದೆ ಬರೆದು ತಿಳಿಸು, ನಾನು ಅಲ್ಲಿ ಕೆರೆಯುತ್ತೇನೆ.

ಇದ್ದ ಹಾಗೆ ಅಂದಿದ್ದೀಯ. ಅದಕ್ಕಿಂತ ಚೆನ್ನಾಗಿಯೇ ಮಾಡುತ್ತೇನೆ.

ತಮ್ಮ

27 ಜೂನ್

ತಮ್ಮಾ,

ಕನ್ನಡಿ ನೋಡಿ ನಾನೇ ಬೆಚ್ಚಿದೆ. ಯಾವ ಸಿನಿಮಾ ನಟಿ ನಮ್ಮ ಬಚ್ಚಲುಮನೆಗೆ ಬಂದಳೋ ಅಂದುಕೊಂಡೆ. ಎಷ್ಟು ಬಿಳುಪು, ಎಂಥ ಸಾಲು! ಮೂಗಿಗಿಂತ ಮೂಗುತಿ ಭಾರವಾಯಿತು, ಆದರೂ ಎರಡು ದಿನ ಕಾರಣವಿಲ್ಲದೆ ಹಲ್ಲು ಕಿರಿಯುತ್ತಾ ಓಡಾಡಿದೆ.

ಈಗ ಸೋರಿಕೆಯ ವರದಿ. ಅರವತ್ತು ಎಪ್ಪತ್ತನ್ನು ಜರ್ಮನ್ನಿನಲ್ಲೇ ಎಣಿಸಿದೆ, ಇಂಗ್ಲಿಷಿನಲ್ಲಿ ಎಣಿಸಿ ನನಗೇನಾಗಬೇಕು? ಅರವತ್ತಾರು ಎಂಬುದಕ್ಕೆ ಅವರು "ಝೆಕ್ಸ್‌ಉಂಟ್‌ಝೆಶ್‌ತ್ಸಿಶ್" ಅನ್ನುತ್ತಾರೆ. ಆರು ಮತ್ತು ಅರವತ್ತು. ಹಲ್ಲಿನವರು ಪರೀಕ್ಷೆಗೆಂದೇ ಕಟ್ಟಿದ ಪದದ ಹಾಗಿದೆ. ನನ್ನ ವಯಸ್ಸು ಅದೇ, ನನ್ನ ವಯಸ್ಸನ್ನೇ ನನಗೆ ಹೇಳಲಾಗಲಿಲ್ಲ. ಫಕಾರ ಪರವಾಗಿಲ್ಲ. ಕುದುರೆ ಅಂದರೆ "ಪ್ಫೇರ್ಟ್", ಪ ಮತ್ತು ಫ ಒಟ್ಟಿಗೆ ಸಿಡಿಯಬೇಕು. ಸಿಡಿದದ್ದು ನಿನ್ನ ಮೇಣದ ಸೆಟ್ಟು, ಹೋಗಿ ಕನ್ನಡಿಗೆ ಬಡಿಯಿತು. ಒಡೆದಿಲ್ಲ, ಗಾಬರಿಯಾಗಬೇಡ. ಸಕಾರ ಅಡುಗೆಮನೆಯ ಕೆಟಲ್ ಕೂಗಿದ ಹಾಗಿದೆ. ತ್ಸಕಾರ ಬರಲೇ ಇಲ್ಲ.

ಮೇಣ ತಾನೇ, ಪಕ್ಕಾ ಮಾಡುವಾಗ ಸರಿಹೋಗುತ್ತದೆ. ಮಿಕ್ಕಿದ್ದು ಏನೆಂದು ನಾನು ಹೇಳಬೇಕಾಗಿಲ್ಲ, ನಿನಗೇ ಗೊತ್ತು.

ಅಕ್ಕ

14 ಜುಲೈ

ಅಕ್ಕನಿಗೆ,

ಇದೋ, ಪಕ್ಕಾ ಸೆಟ್ಟು. ಮಿಕ್ಕಿದ್ದು ನಿನಗೇ ಗೊತ್ತು ಅಂದೆಯಲ್ಲ, ಗೊತ್ತಾಯಿತು. ಅಂಗುಳಿನ ತಟ್ಟೆ ದಪ್ಪವಾಗಿತ್ತು, ಅದನ್ನು ಕಾಗದದಷ್ಟು ತೆಳ್ಳಗೆ ಮಾಡಿದ್ದೇನೆ. ಎರಡು ಕೊಕ್ಕೆ ಹೆಚ್ಚಿಗೆ ಹಾಕಿದ್ದೇನೆ, ಇನ್ನು ನಿನ್ನ ಕುದುರೆ ಎಷ್ಟು ಒದ್ದರೂ ಸೆಟ್ಟು ಹಾರುವುದಿಲ್ಲ.

ಸಾಮಾನ್ಯವಾಗಿ ನಾನು ಇಂಥದ್ದಕ್ಕೆ ಮೂರು ದಿನ ಹಿಡಿಯುತ್ತೇನೆ. ಇದಕ್ಕೆ ಹನ್ನೊಂದು ದಿನ ಹಿಡಿದೆ. ಎಡಗಡೆಯ ಮುಂದಿನ ಹಲ್ಲೊಂದಕ್ಕೇ ನಾಲ್ಕು ದಿನ. ಮೂರು ಸಲ ಮಾಡಿ ಬಿಸಾಡಿದೆ. ನನ್ನ ಹೆಂಡತಿ ಅದನ್ನು ನೋಡಿ "ಇಷ್ಟು ಚೆಂದದ ಹಲ್ಲು ನೀವು ನಂಗೂ ಮಾಡ್ಕೊಟ್ಟಿಲ್ಲ" ಅಂದಳು. ಅವಳ ಹಲ್ಲು ಗಟ್ಟಿಯಾಗಿವೆ ಅನ್ನುವುದು ಬೇರೆ ಮಾತು.

ಮೂವತ್ತೈದು ವರ್ಷಗಳಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಇದು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ತಮ್ಮ

30 ಜುಲೈ

ತಮ್ಮಾ,

ನಿನ್ನೆ ಧ್ವನಿಮುದ್ರಣದ ಮೊದಲ ದಿನ. ಅದರ ಕಥೆ ಕೇಳು.

ನಮ್ಮ ಧ್ವನಿಮುದ್ರಣದ ಕೋಣೆ ಮೊದಲು ಉಗ್ರಾಣವಾಗಿತ್ತು. ಗೋಡೆಗೆ ಹಳೆಯ ಹಾಸಿಗೆಗಳನ್ನು ಮೊಳೆ ಹೊಡೆದು ಕೂರಿಸಿದ್ದಾರೆ. ಮಧ್ಯೆ ಒಂದು ಸ್ಟೂಲು, ಒಂದು ಮೈಕು. ಗಾಜಿನ ಆಚೆ ನಮ್ಮ ಕಿವಿಯಣ್ಣ. ಯಂತ್ರಗಳನ್ನು ನೋಡಿಕೊಳ್ಳುವವನು. ಇಪ್ಪತ್ತೆಂಟು ವರ್ಷದ ಹಿಂದಿನ ಕ್ಯಾಸೆಟ್ಟು ಮಾಡಿದವನೂ ಅವನೇ. ಮೂರನೇ ಕೋಣೆಯಲ್ಲಿ ಗುಂಡುಸೂಜಿ ಬಿದ್ದರೆ ಯಾವ ಕಂಪನಿಯದು ಅಂತ ಹೇಳುತ್ತಾನೆ.

ನಾನು ಠೀವಿಯಿಂದ ಕೂತು ಶುರು ಮಾಡಿದೆ. ಬೆಕ್ಕು ಅಂದರೆ "ಕಾತ್ಸೆ". ನನ್ನ ಬಾಯಿಂದ "ಕಾಚ್ಚೆ" ಬಂತು. ಸಕ್ಕರೆಯ "ತ್ಸುಕರ್" ಕೂಡ ಹಾಗೆಯೇ, ರೈಲಿನ "ತ್ಸೂಕ್" ಕೂಡ ಹಾಗೆಯೇ. ಕಿವಿಯಣ್ಣ ಹನ್ನೆರಡು ಸಲ ನಿಲ್ಲಿಸಿದ. ಹದಿಮೂರನೇ ಸಲ ಒಳಗೇ ಬಂದು ತಲೆ ಕೆರೆದುಕೊಂಡು, "ಮೇಡಂ, ತಪ್ಪು ತಿಳ್ಕೋಬೇಡಿ. ತುಂಬಾ ನೀಟಾಗಿದೆ. ಆದ್ರೆ ನೀವು ಎಲ್ಲೋ ಹೊರಗೆ ಹೋಗಿದ್ದೀರಿ, ನಿಮ್ಮ ತಂಗಿ ಬಂದು ಕೂತಿದ್ದಾರೆ ಅನ್ನಿಸ್ತಿದೆ" ಅಂದ.

ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತಿದ್ದರು. ಯಂತ್ರದ ಧ್ವನಿಯ ಮಾದರಿಯಿದ್ದ ಪುಟ್ಟ ಪೆಟ್ಟಿಗೆಯೊಂದನ್ನು ತಂದಿದ್ದರು, ಅದನ್ನು ಮೆಲ್ಲಗೆ ಜೇಬಿಗೆ ಇಟ್ಟುಕೊಂಡರು. ಆ ಮರ್ಯಾದೆಯೇ ನನಗೆ ಹೆಚ್ಚು ಚುಚ್ಚಿತು.

ಹತ್ತು ದಿನ ಅಭ್ಯಾಸ ಮಾಡಿಯೇ ಹೋಗಿದ್ದೆ ಅನ್ನುವುದು ನೆನಪಿರಲಿ. ಈಗ ಕೇಳುತ್ತೇನೆ, ಬೇಜಾರಾಗಬೇಡ. ಇದನ್ನು ನೀನೇ ಮಾಡಿದ್ದಾ, ಇಲ್ಲ ಸಹಾಯಕರ ಕೈಗೆ ಕೊಟ್ಟು ಬೆನ್ನು ತಟ್ಟಿದ್ದಾ? ಇದ್ದ ಹಾಗೆ ಮಾಡು ಅಂದಿದ್ದೆ. ಹಳೆಯ ಅಚ್ಚು ಕಳಿಸಿದ್ದು ಅದಕ್ಕೇ. ಎಡ ಹಲ್ಲಿನ ಆ ಮುರುಕು ಮೂಲೆ ಎಲ್ಲಿ ಹೋಯಿತು?

ಅಕ್ಕ

9 ಆಗಸ್ಟ್

ಅಕ್ಕನಿಗೆ,

ಸೆಟ್ಟನ್ನು ಮಾಡಿದವನು ನಾನೇ. ಬೇರೆ ಯಾರೂ ಮುಟ್ಟಿಲ್ಲ. ಹಲ್ಲಿನಲ್ಲಿ ತಪ್ಪಿಲ್ಲ, ಅಳತೆ ಎರಡು ಸಲ ನೋಡಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇನ್ನೊಂದು ತಿಂಗಳು ಅಭ್ಯಾಸ ಮಾಡು.

ತಮ್ಮ

28 ಆಗಸ್ಟ್

ಅಕ್ಕಾ,

ಹತ್ತೊಂಬತ್ತು ದಿನವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಬೈದು ಬರೆದಿದ್ದರೂ ಸಮಾಧಾನವಾಗುತ್ತಿತ್ತು. ಹೆಂಡತಿ ದಿನಾ ಕೇಳುತ್ತಾಳೆ, "ಅತ್ತಿಗೆ ಬರೆದ್ರಾ?" ಇಲ್ಲ ಅನ್ನುತ್ತೇನೆ. "ನೀವು ಏನ್ ಬರೆದಿದ್ರಿ?" ಅಂತ ಮೊನ್ನೆ ಕೇಳಿದಳು. ಗಾದೆ ಬರೆದದ್ದು ಹೇಳಿದೆ. ಅವಳು ನನ್ನ ಮುಂದಿನ ತಟ್ಟೆ ಎತ್ತಿಕೊಂಡು ಎದ್ದುಹೋದಳು. ನಾನಿನ್ನೂ ಊಟ ಮುಗಿಸಿರಲಿಲ್ಲ.

ಆ ಮೂಲೆ ಎಲ್ಲಿ ಹೋಯಿತು ಅಂತ ಕೇಳಿದೆಯಲ್ಲ. ಐವತ್ತಮೂರು ವರ್ಷಗಳ ಹಿಂದೆ ಎಲ್ಲಿ ಹೋಯಿತೆಂದು ನಮ್ಮಿಬ್ಬರಿಗೇ ಗೊತ್ತು.

ಶಾಲೆಯ ಮೈದಾನದ ಏರುಪೇರು ಹಲಗೆ, ಈಗಿನವರು ಸೀಸಾ ಅನ್ನುವುದು. ನಾನು ಎಂಟು ವರ್ಷದವನು, ನೀನು ಹದಿಮೂರು. ನೀನು ಮೇಲಿದ್ದೆ, ನಾನು ಕೆಳಗಿದ್ದೆ. ತಮಾಷೆಗೆಂದು ಹೇಳದೆ ಕೇಳದೆ ಜಿಗಿದು ಇಳಿದುಬಿಟ್ಟೆ. ನೀನು ಧೊಪ್ಪೆಂದು ಬಂದೆ, ಹಲಗೆಯ ಕಬ್ಬಿಣದ ಹಿಡಿಗೆ ಬಾಯಿ ಬಡಿಯಿತು. ರಕ್ತ ನೋಡಿ ನಾನು ಓಡಿಹೋದೆ. ಮನೆಗೆ ಬಂದರೆ ನೀನು ಆಗಲೇ ಅಮ್ಮನಿಗೆ "ಮೆಟ್ಟಿಲ ಮೇಲೆ ಬಿದ್ದೆ" ಅಂದುಬಿಟ್ಟಿದ್ದೆ. ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ. ಒಳಗೆ ಬಂದು ನಿಜ ಹೇಳಬೇಕಿತ್ತು, ಹೇಳಲಿಲ್ಲ. ಆಮೇಲೆ ನೀನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಿನ್ನ ಮದುವೆಯ ಫೋಟೊದಲ್ಲಿ ನೀನು ತುಟಿ ಮುಚ್ಚಿಕೊಂಡಿದ್ದೀಯ. ಅದು ನನ್ನಿಂದ ಎಂದು ಇಷ್ಟು ವರ್ಷ ಅಂದುಕೊಂಡೆ. ಬೇರೆ ಕಸುಬುಗಳೂ ಇದ್ದವು, ನಾನು ಹಲ್ಲಿನ ಕೆಲಸಕ್ಕೇ ಯಾಕೆ ಹೋದೆನೆಂದು ನೀನು ಕೇಳಲಿಲ್ಲ. ಕೇಳಿದ್ದರೂ ಸುಳ್ಳು ಹೇಳುತ್ತಿದ್ದೆನೇನೋ. ಹಳೆಯ ಅಚ್ಚು ಕೈಗೆ ಬಂದಾಗ ಮೊದಲು ಕಂಡದ್ದೇ ಆ ಮೂಲೆ. ಇದ್ದ ಹಾಗೆ ಮಾಡು ಅಂದರೆ ಆ ಮುರುಕನ್ನು ನನ್ನ ಕೈಯಾರೆ ಮತ್ತೆ ಮಾಡಬೇಕು. ನನ್ನಿಂದ ಆಗಲಿಲ್ಲ. ತುಂಬಿಬಿಟ್ಟೆ. ನಿನ್ನ ಹಲ್ಲು ವಾಪಸು ಕೊಡುತ್ತಿದ್ದೇನೆ ಅಂದುಕೊಂಡೆ.

ಗಾದೆಗೆ ಕ್ಷಮಿಸು. ಹಲ್ಲಿಗೂ ಕ್ಷಮಿಸು.

ತಮ್ಮ

3 ಸೆಪ್ಟೆಂಬರ್

ನನ್ನ ಪೆದ್ದು ತಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಅತ್ತೆ, ಎರಡನೇ ಸಲ ನಕ್ಕೆ, ಮೂರನೇ ಸಲ ಕೆಂಪು ಪೆನ್ನು ಹಿಡಿದೆ. ತಪ್ಪುಗಳನ್ನು ಒಂದೊಂದಾಗಿ ತಿದ್ದುತ್ತೇನೆ, ಕೈಕಟ್ಟಿ ಕೂತು ಕೇಳು.

ಹತ್ತೊಂಬತ್ತು ದಿನ ಬರೆಯದಿದ್ದದ್ದು ಕೋಪದಿಂದಲ್ಲ, ನಾಚಿಕೆಯಿಂದ. ಹಗಲೆಲ್ಲ ಅಭ್ಯಾಸ ಮಾಡಿದೆ. ಪಕ್ಕದ ಮನೆಯವಳು ಗೋಡೆ ತಟ್ಟಿ "ಗ್ಯಾಸ್ ಲೀಕ್ ಆಗ್ತಿದೆಯೇನ್ರೀ?" ಅಂತ ಕೇಳಿದಳು. ನನ್ನ ಕಾಲ ಮುಗಿಯಿತೇನೋ ಅನ್ನಿಸಿತ್ತು. ಅದನ್ನು ನಿನಗೆ ಬರೆಯಲು ಮನಸ್ಸಾಗಲಿಲ್ಲ.

ಮದುವೆ ಫೋಟೊದಲ್ಲಿ ತುಟಿ ಮುಚ್ಚಿದ್ದು ನಿನ್ನ ಭಾವನಿಂದ. "ಸೀರಿಯಸ್ಸಾಗಿರು, ಫೋಟೊದವನು ದುಡ್ಡು ತಗೊಂಡಿದ್ದಾನೆ" ಅಂದಿದ್ದರು.

ಇನ್ನು ಆ ಮೂಲೆ. ಅದು ನಿನಗೆ ಹೇಗೆ ಗೊತ್ತಿರಬೇಕು, ನಾನು ಯಾವತ್ತೂ ಹೇಳಿರಲಿಲ್ಲ. ನಾನು ಮೊದಲ ಸಲ ಜರ್ಮನ್ ತರಗತಿಗೆ ಹೋದಾಗ ಮೂವತ್ತು ಜನ ಇದ್ದೆವು. ತ್ಸಕಾರ ಯಾರಿಗೂ ಬರಲಿಲ್ಲ. ಒಬ್ಬರು ಚ ಅಂದರು, ಒಬ್ಬರು ಝ ಅಂದರು. ನನ್ನ ಸರದಿ ಬಂತು. ನಾಲಿಗೆ ತಾನಾಗಿ ಹೋಗಿ ಆ ತ್ರಿಕೋನದ ಸಂದಿಗೆ ಒರಗಿತು, ಗಾಳಿ ಅಲ್ಲಿಂದ ಸರಿಯಾಗಿ ಹೊರಟಿತು. ಗುರುಗಳು ಸೀಮೆಸುಣ್ಣ ಕೆಳಗಿಟ್ಟು, "ಎಲ್ಲರೂ ಈ ಹುಡುಗಿ ಹೇಳೋದು ಕೇಳಿ" ಅಂದರು. ಜೀವನದಲ್ಲಿ ನನ್ನ ಕಡೆ ಎಲ್ಲರೂ ತಿರುಗಿ ನೋಡಿದ್ದು ಅದೇ ಮೊದಲು. ನಾನು ಟೀಚರಾದದ್ದು ಆ ದಿನ. ಆಮೇಲಿನ ಪರೀಕ್ಷೆ, ಪದವಿ ಎಲ್ಲ ಬರೀ ಕಾಗದ.

ನಿನ್ನ ಗಾದೆಯೂ ಸರಿಯಿಲ್ಲ. ನೆಲ ಡೊಂಕು ಅಂತ ನಾನು ದೂರಿಲ್ಲ. ನಾನು ಕುಣಿಯಲು ಕಲಿತದ್ದೇ ಡೊಂಕು ನೆಲದ ಮೇಲೆ. ನೀನು ಅದನ್ನು ಪ್ರೀತಿಯಿಂದ ಸಮ ಮಾಡಿಕೊಟ್ಟಿದ್ದೀಯ, ನಾನು ಜಾರಿ ಬೀಳುತ್ತಿದ್ದೇನೆ.

ಇನ್ನೊಂದು ಹೇಳುತ್ತೇನೆ. ಜರ್ಮನ್ನರು ಎರಡು ಪದ ಸೇರಿಸಿ ಮೂರನೆಯದು ಕಟ್ಟುವುದರಲ್ಲಿ ಗಟ್ಟಿಗರು. ಕೈಗವಸಿಗೆ ಕೈಬೂಟು ಅನ್ನುತ್ತಾರೆ, ಹೊಲಿಯುವವರ ಬೆರಳಿಗೆ ಹಾಕುವುದಕ್ಕೆ ಬೆರಳುಟೋಪಿ ಅನ್ನುತ್ತಾರೆ. ಕೆಲವು ಸಲ ಎರಡು ಪದಗಳ ನಡುವೆ ಒಂದು ಸಕಾರ ಬಂದು ಕೂರುತ್ತದೆ. ಹುಟ್ಟು "ಗೆಬೂರ್ಟ್", ದಿನ "ಟಾಕ್", ಹುಟ್ಟಿದ ದಿನ "ಗೆಬೂರ್ಟ್ಸ್‌ಟಾಕ್". ನಮ್ಮ "ಮನೆಯಲ್ಲಿ" ಅನ್ನುವಾಗ ಯಕಾರ ನಡುವೆ ಬಂದ ಹಾಗೆ. ಅದು ಆ ಕಡೆಗೂ ಸೇರಿದ್ದಲ್ಲ, ಈ ಕಡೆಗೂ ಸೇರಿದ್ದಲ್ಲ, ಆದರೆ ಎರಡನ್ನೂ ಹಿಡಿದಿರುತ್ತದೆ. ನನ್ನ ಹಲ್ಲಿನ ಆ ಚೂರು ನಮ್ಮಿಬ್ಬರ ನಡುವೆ ಐವತ್ತಮೂರು ವರ್ಷ ಹಾಗೇ ಕೂತಿತ್ತು. ನೀನು ಅದನ್ನು ಸಾಲ ಅಂದುಕೊಂಡೆ. ನಾನು ಅದರಿಂದ ಅನ್ನ ತಿಂದೆ.

ಸೆಟ್ಟನ್ನು ವಾಪಸು ಕಳಿಸುತ್ತಿದ್ದೇನೆ. ಗಡುವಿಗೆ ಹದಿನೇಳು ದಿನ ಇದೆ. ದಯವಿಟ್ಟು ನನ್ನ ಹಲ್ಲು ಮುರಿ. ಒಂದು ಸಲ ಮುರಿದವನಿಗೆ ಅಭ್ಯಾಸ ಇದ್ದೇ ಇರುತ್ತದೆ.

ಅಕ್ಕ

12 ಸೆಪ್ಟೆಂಬರ್

ಅಕ್ಕಾ,

ಕಾಗದ ಓದಿದ ಮೇಲೆ ಎದೆಯ ಮೇಲಿಂದ ಯಾರೋ ಇಳಿದ ಹಾಗಾಯಿತು. ಇಳಿಯುವ ಮುಂಚೆ ಹೇಳಿ ಇಳಿದರು, ಪೆಟ್ಟಾಗಲಿಲ್ಲ.

ಆದರೂ ಕೆಲಸ ಸುಲಭವಾಗಿರಲಿಲ್ಲ. ಸೆಟ್ಟನ್ನೂ ಹಳೆಯ ಅಚ್ಚನ್ನೂ ಅರವನ್ನೂ ಮನೆಗೆ ತಂದು ಊಟದ ಮೇಜಿನ ಮೇಲೆ ಇಟ್ಟುಕೊಂಡು ಅರ್ಧ ಗಂಟೆ ಕೂತೆ. ಹಲಗೆಯ ಕಥೆಯನ್ನು ಹೆಂಡತಿಗೂ ಹೇಳಿದ್ದೆ, ಅವಳು ಎರಡು ಸಲ ಬಂದು ನೋಡಿದಳು. ಮೂರನೇ ಸಲ, "ಅವತ್ತು ಮುರಿಯೋಕೆ ಒಂದು ಸೆಕೆಂಡ್ ಸಾಕಾಯ್ತು, ಇವತ್ತು ಇಷ್ಟು ಹೊತ್ತು ಬೇಕಾ? ಕೊಡಿ ಇಲ್ಲಿ, ನಾನು ಮುರೀತೀನಿ" ಅಂದಳು. ಅವಳು ಮಾಡಿಯೇಬಿಡುತ್ತಾಳೆಂದು ಹೆದರಿ ಶುರು ಮಾಡಿದೆ.

ಹಳೆಯ ಅಚ್ಚಿನ ಮೇಲೆ ಅಳತೆ ತೆಗೆದುಕೊಂಡೆ. ಮರುದಿನ ನಮ್ಮ ಕೆಲಸದ ಕೋಣೆಯಲ್ಲಿ ನಿನ್ನ ಹಳೆಯ ಕ್ಯಾಸೆಟ್ಟು ಹಾಕಿದೆ. ಹೌದು, ನನ್ನ ಹತ್ತಿರ ಎಲ್ಲವೂ ಇವೆ, ಆ ವರ್ಷವೇ ಕೊಂಡಿದ್ದೆ. ಜರ್ಮನ್ ಕಲಿಯಲಿಲ್ಲ, ಸುಮ್ಮನೆ ಕೇಳುತ್ತಿದ್ದೆ. ಧೂಳು ಊದುವ ಗಾಳಿಯ ಕೊಳವೆ ಇರುತ್ತದಲ್ಲ, ಅದನ್ನು ಸೆಟ್ಟಿನ ಹಿಂದಿನಿಂದ ಸಣ್ಣಗೆ ಬಿಟ್ಟು, ಕ್ಯಾಸೆಟ್ಟಿನ ನಿನ್ನ ದನಿಯ ಜೊತೆ ಹೋಲಿಸುತ್ತಾ ಕೂದಲೆಳೆಯಷ್ಟು ಕೂದಲೆಳೆಯಷ್ಟು ಉಜ್ಜಿ ತೆಗೆದೆ. ಮೊದಲು ಬುಸ್ ಅಂತು. ಆಮೇಲೆ ಸ್ಸ್ ಅಂತು. ಮಧ್ಯಾಹ್ನದ ಹೊತ್ತಿಗೆ "ತ್ಸ್" ಅಂತು! ಪಕ್ಕದ ಮೇಜಿನವನು ಕುರ್ಚಿಯಿಂದ ಎದ್ದು, "ಸಾರ್, ನಿಮ್ಮಕ್ಕ ಬಂದ್ರು" ಅಂದ.

ಇದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಿಲ್ಲ. ಹಿಂದೆಯೂ ಹಾಗೇ ಬರೆದಿದ್ದೆ, ಅದನ್ನು ಹೊಡೆದುಹಾಕು.

ಹಳೆಯ ಅಚ್ಚನ್ನು ಒಡೆಯುವುದಿಲ್ಲ. ಕಿಟಕಿಯ ಹತ್ತಿರ ಅದು ಇಲ್ಲದಿದ್ದರೆ ಇಲ್ಲಿ ಯಾರೂ ಸರಿಯಾದ ಸಮಯಕ್ಕೆ ಬರುವುದಿಲ್ಲ.

ತಮ್ಮ

21 ಸೆಪ್ಟೆಂಬರ್

ತಮ್ಮಾ,

ಡಬ್ಬಿ ಹದಿನೇಳರ ಬೆಳಿಗ್ಗೆ ಬಂತು. ಅಂಚೆಯವಳ ಎದುರೇ ಹಾಕಿಕೊಂಡು "ಝೆಕ್ಸ್‌ಉಂಟ್‌ಝೆಶ್‌ತ್ಸಿಶ್" ಅಂದೆ. ಅವಳು "ನಿಮಗೂ ಒಳ್ಳೇದಾಗಲಿ" ಅಂದು ಹೋದಳು.

ಹದಿನೇಳರಿಂದ ಇಪ್ಪತ್ತರವರೆಗೆ ನಾಲ್ಕು ದಿನ, ದಿನಕ್ಕೆ ಎಂಟು ಪಾಠ. ಗಂಟಲು ಕಟ್ಟಿತು, ಸೊಂಟ ಹಿಡಿಯಿತು, ಹಲ್ಲು ಅಲುಗಲಿಲ್ಲ. ಮೊದಲ ದಿನ ಮೊದಲ ಪದಕ್ಕೇ ಕಿವಿಯಣ್ಣ ಯಂತ್ರ ನಿಲ್ಲಿಸಿ ಒಳಗೆ ಬಂದ. ಮತ್ತೆ ತಂಗಿಯೇ ಬಂದು ಕೂತಳೇ ಅಂದುಕೊಂಡೆ. ಅವನು "ಏನಿಲ್ಲ ಮೇಡಂ, ಬಂದ್ರಲ್ಲ, ಮಾತಾಡಿಸಿ ಹೋಗೋಣ ಅಂತ" ಅಂದ. ಪ್ರಿನ್ಸಿಪಾಲರು ಆ ಯಂತ್ರದ ಧ್ವನಿಯ ಪೆಟ್ಟಿಗೆಯನ್ನು ಈಗ ಕಾಗದ ಹಾರದ ಹಾಗೆ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ.

ಹತ್ತೊಂಬತ್ತನೇ ಪಾಠ ಪದ ಕಟ್ಟುವುದರ ಬಗ್ಗೆ. ಹಳೆಯ ಪುಸ್ತಕದಲ್ಲಿ ಅಲ್ಲಿ ಉದಾಹರಣೆಗೆ ಹಲ್ಲುವೈದ್ಯ ಅಂತ ಇತ್ತು. ನಾನು ಅದನ್ನು ತೆಗೆದು ಬೇರೆ ಹಾಕಿದೆ. ಹಲ್ಲು "ತ್ಸಾನ್", ಸಂದು "ಲ್ಯುಕೆ", ಸೇರಿಸಿದರೆ "ತ್ಸಾನ್‌ಲ್ಯುಕೆ". ಹಲ್ಲಿನ ಸಂದು. ಮೂರು ಸಲ ನಿಧಾನವಾಗಿ ಹೇಳಿದ್ದೇನೆ. ಇನ್ನು ಇಪ್ಪತ್ತೆಂಟು ವರ್ಷ ನಮ್ಮೂರಿನ ಮಕ್ಕಳು ಅದನ್ನು ನನ್ನ ಹಿಂದೆ ಹೇಳುತ್ತಾರೆ. ಮುರಿದವನು ಯಾರೆಂದು ಅವರಿಗೆ ಹೇಳಿಲ್ಲ. ಅಮ್ಮನಿಗೇ ಹೇಳಲಿಲ್ಲ, ಇವರಿಗೆ ಹೇಳುತ್ತೇನೆಯೇ?

ನಿನ್ನೆ ಮುಗಿಸಿ ನಡೆದು ಬರುವಾಗ ದಾರಿಯ ಪಾರ್ಕಿನಲ್ಲಿ ಒಂದು ಏರುಪೇರು ಹಲಗೆ ಕಂಡಿತು. ದಿನಾ ಅದೇ ದಾರಿಯಲ್ಲಿ ಓಡಾಡಿದರೂ ನಾನು ಗಮನಿಸಿರಲಿಲ್ಲ. ಹಿಡಿಗೆ ಈಗ ರಬ್ಬರು ಸುತ್ತಿದ್ದಾರೆ. ಗಟ್ಟಿಯಾಗಿದೆಯೇ ಅಂತ ಅಲುಗಿಸಿ ನೋಡಿದೆ. ಇಬ್ಬರನ್ನೂ ತಡೆಯುತ್ತದೆ.

ಮುಂದಿನ ತಿಂಗಳು ಹೆಂಡತಿಯನ್ನು ಕರೆದುಕೊಂಡು ಬಾ. ಮೇಲಿನ ತುದಿಯಲ್ಲಿ ನಾನೇ ಕೂರುತ್ತೇನೆ. ಹಲ್ಲನ್ನು ಮಾತ್ರ ಅವಳ ಕೈಗೆ ಕೊಟ್ಟು ಕೂರುತ್ತೇನೆ.

ಅಕ್ಕ